ಮಾತ್ರೆ ಚೀಟಿಯೇ ಪಠ್ಯವಾದಾಗ: ಡಾಕ್ಟರ್, ನರ್ಸ್, ಫಾರ್ಮಸಿಸ್ಟ್ ಜೊತೆ ನನ್ನ ಅನುಭವ

ನಾನು ದೊಡ್ಡವರಿಗೆ ಓದು ಬರಹ, ಲೆಕ್ಕ ಕಲಿಸುವವಳು. ವೈದ್ಯಕೀಯ ನನ್ನ ವಿಷಯ ಅಲ್ಲ. ಆದರೆ ಪಾಠ ಮುಗಿದ ಮೇಲೆ ಕಲಿಯುವವರ ಬ್ಯಾಗಿನಿಂದ ಯಾವ ಕಾಗದ ಹೊರಗೆ ಬರುತ್ತದೆ ಅಂತ ಇಂಥ ತರಗತಿ ನಡೆಸುವ ಯಾರನ್ನಾದರೂ ಕೇಳಿ ನೋಡಿ. ಮಾತ್ರೆ ಚೀಟಿ, ರಕ್ತ ಪರೀಕ್ಷೆಯ ರಿಪೋರ್ಟ್, ಮಗುವಿನ ಸಿರಪ್ ಬಾಟಲಿ, ಆಸ್ಪತ್ರೆಯಿಂದ ಬಂದ ಪತ್ರ. "ಮೇಡಂ, ಇದೊಂದು ಸ್ವಲ್ಪ ನೋಡಿ ಹೇಳಿ" ಅಂತ ಕೇಳುತ್ತಾರೆ. ಓದಲು ಇಷ್ಟು ಅಗತ್ಯ ಇರುವ ಕಾಗದ ಕೈಯಲ್ಲೇ ಇರುವಾಗ ಬೇರೆ ಪಠ್ಯ ಯಾಕೆ ಅಲ್ವಾ? ಹಾಗಾಗಿ ಒಬ್ಬರು ಡಾಕ್ಟರ್, ಒಬ್ಬರು ನರ್ಸ್, ಒಬ್ಬರು ಫಾರ್ಮಸಿಸ್ಟ್ ಜೊತೆ ಕೂತು ಪಾಠಗಳನ್ನು ಕಟ್ಟಿದೆವು.

ಮೊದಲ ಸಭೆಗೆ ಡಾಕ್ಟರ್ ತಂದ ಪಟ್ಟಿ ಚೆನ್ನಾಗಿತ್ತು. ಹೃದಯ ಹೇಗೆ ಕೆಲಸ ಮಾಡುತ್ತದೆ, ಶುಗರ್ ಯಾಕೆ ಬರುತ್ತದೆ, ಬಿಪಿ ಅಂದರೇನು, ಎಲ್ಲ ಇತ್ತು. ಆದರೆ ರಾತ್ರಿ ಹತ್ತು ಗಂಟೆಗೆ ಜ್ವರದ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಬಾಟಲಿಯ ಲೇಬಲ್ ನೋಡುತ್ತಾ ಕೂತವರಿಗೆ ಅದರಲ್ಲಿ ಏನೂ ಇರಲಿಲ್ಲ. ನಾನು ವಾದ ಮಾಡಲು ಹೋಗಲಿಲ್ಲ. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. "ಎರಡು ಮಾತ್ರೆ, ದಿನಕ್ಕೆ ಎರಡು ಸಲ" ಅನ್ನುವ ಲೇಬಲ್ಲನ್ನು ಓದು ಕಡಿಮೆ ಇದ್ದ ರೋಗಿಗಳಲ್ಲಿ ನೂರಕ್ಕೆ ಸುಮಾರು 71 ಮಂದಿ ಸರಿಯಾಗಿ ಹೇಳಿದ್ದರು. ಹಾಗಾದರೆ ಒಂದು ದಿನಕ್ಕೆ ಎಷ್ಟು ಮಾತ್ರೆ ಅಂತ ಎಣಿಸಿ ತೋರಿಸಿ ಅಂದಾಗ ಸರಿ ಮಾಡಿದವರು ಸುಮಾರು 35 ಮಂದಿ ಮಾತ್ರ. ಅಂದರೆ ಬಾಯಲ್ಲಿ ಸರಿ ಹೇಳಿದವರಲ್ಲೇ ಅರ್ಧದಷ್ಟು ಜನ ಕೈಯಲ್ಲಿ ತಪ್ಪಿದ್ದಾರೆ. ಡಾಕ್ಟರ್ ಅದನ್ನು ಎರಡು ಸಲ ಓದಿ, ತಮ್ಮ ಪಟ್ಟಿ ಮಡಚಿ ಒಳಗಿಟ್ಟರು.

ಅವತ್ತೇ ಒಂದು ನಿಯಮ ಮಾಡಿಕೊಂಡೆವು. ಹೇಳಬೇಕಾದ್ದು ಸರಿ ಇದೆಯಾ ಅನ್ನುವ ತೀರ್ಮಾನ ಅವರದ್ದು. ಯಾವ ಮಾತಲ್ಲಿ, ಯಾವ ಕ್ರಮದಲ್ಲಿ, ಒಂದು ಪಾಠಕ್ಕೆ ಎಷ್ಟು ಅನ್ನುವುದು ನನ್ನದು. ಎರಡೂ ಕಡೆಯವರು ಒಪ್ಪದ ಹಾಳೆ ತರಗತಿಗೆ ಹೋಗುವ ಹಾಗಿಲ್ಲ. ತಜ್ಞರು ಸೇರಿ ಕೆಲಸ ಮಾಡುವ ಕಡೆ ಸಾಮಾನ್ಯವಾಗಿ ಯಾರ ಡಿಗ್ರಿ ದೊಡ್ಡದೋ ಅವರ ಮಾತು ನಡೆಯುತ್ತದೆ. ಇದನ್ನು ಮೊದಲೇ ಬಗೆಹರಿಸಿಕೊಳ್ಳದಿದ್ದರೆ ಮೇಷ್ಟ್ರು ಸುಮ್ನೆ ಕುರ್ಚಿ ಹಾಕುವವರಾಗಿ ಉಳಿದುಬಿಡುತ್ತಾರೆ.

ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದವರು ಫಾರ್ಮಸಿಸ್ಟ್. ಜನ ಎಲ್ಲಿ ಎಡವುತ್ತಾರೆ ಅಂತ ಅವರು ದಿನವೂ ಕೌಂಟರಿನಲ್ಲಿ ನೋಡಿರುತ್ತಾರೆ. ಅವರು ತಂದ ಖಾಲಿ ಡಬ್ಬ, ಬಾಟಲಿಗಳೇ ನಮ್ಮ ಪಠ್ಯವಾದವು. ಮಾತ್ರೆಯ ಬದಲು ಅಂಗಿಯ ಗುಂಡಿ ಇಟ್ಟೆವು. ಹಾಳೆಯ ಮೇಲೆ ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಅಂತ ನಾಲ್ಕು ಮನೆ ಬರೆದೆವು. ಲೇಬಲ್ ಓದಿ, ಗುಂಡಿಯನ್ನು ಸರಿಯಾದ ಮನೆಯಲ್ಲಿ ಇಡಬೇಕು, ಅಷ್ಟೇ. ಒಬ್ಬರು 1-0-1 ನೋಡಿ ನೂರಾ ಒಂದು ಅಂತ ಓದಿದರು. ಯಾರೂ ನಗಲಿಲ್ಲ, ಯಾಕೆಂದರೆ ಲೆಕ್ಕದ ಪಾಠದಲ್ಲಿ ನಾನೇ ಹಾಗೆ ಓದಲು ಕಲಿಸಿದ್ದೆ! ನಡುವಿನ ಸೊನ್ನೆ ಮಧ್ಯಾಹ್ನಕ್ಕೆ ಬೇಡ ಅಂತ ಹೇಳುತ್ತಿದೆ ಅನ್ನುವುದು ಚೀಟಿ ಬರೆಯುವವರಿಗೆ ಗೊತ್ತು. ಓದುವವರಿಗೆ ಯಾರಾದರೂ ಹೇಳಿಕೊಡಬೇಕಲ್ಲ.

ಸಿರಪ್ಪಿನದ್ದು ಇನ್ನೊಂದು ಕಥೆ. ಒಂದು ಟೀ ಚಮಚ ಅಂದರೆ ಔಷಧದ ಲೆಕ್ಕದಲ್ಲಿ 5 ಮಿಲಿ. ಮನೆಯ ಚಮಚಗಳಿಗೆ ಆ ಲೆಕ್ಕ ಗೊತ್ತಿಲ್ಲ. ಬೇರೆ ಬೇರೆ ಚಮಚದಲ್ಲಿ ನೀರು ತುಂಬಿ, ಅದನ್ನು ಸೂಜಿ ಇಲ್ಲದ ಸಿರಿಂಜಿಗೆ ಎಳೆದು ಎಷ್ಟು ಮಿಲಿ ಬಂತು ಅಂತ ಬರೆಸಿದೆವು. ಒಂದರ ಅಳತೆ ಇನ್ನೊಂದಕ್ಕೆ ಹೊಂದಲಿಲ್ಲ. ಅದಾದ ಮೇಲೆ ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳ ಎಸೆಯಬೇಡಿ ಅಂತ ನಾವು ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಪ್ಯಾರಾಸಿಟಮಾಲ್ ಪಾಠ, ಏಕೆಂದರೆ ಅದು ಒಳ್ಳೆಯ ಲೆಕ್ಕದ ಪಾಠ ಕೂಡ. ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು. 500 ಮಿಗ್ರಾಂ ಮಾತ್ರೆ ಆದರೆ 8, 650 ಆದರೆ 6. ಭಾಗಾಕಾರಕ್ಕೆ ಇದಕ್ಕಿಂತ ಜೀವಂತ ಉದಾಹರಣೆ ಎಲ್ಲಿ ಸಿಗುತ್ತದೆ? ಆಮೇಲೆ ನೆಗಡಿ ಮಾತ್ರೆಯ ಸ್ಟ್ರಿಪ್ ಕೊಟ್ಟು, ಇದರ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ನೋಡಿ ಅಂದೆವು. ಹಲವು ನೆಗಡಿ ಮಾತ್ರೆಗಳಲ್ಲಿ ಅದೇ ಪ್ಯಾರಾಸಿಟಮಾಲ್ ಇರುತ್ತದೆ, ಎರಡನ್ನೂ ನುಂಗಿದರೆ ಲೆಕ್ಕ ದಾಟಬಹುದು, ಪೆಟ್ಟು ಬೀಳುವುದು ಲಿವರಿಗೆ. ಈ ಪಾಠದಲ್ಲೇ ಡಾಕ್ಟರಿಗೂ ನನಗೂ ಜಟಾಪಟಿ ಆಯ್ತು. ಲಿವರ್ ತೊಂದರೆ ಇರುವವರಿಗೆ, ಕುಡಿಯುವ ಅಭ್ಯಾಸ ಇರುವವರಿಗೆ, ತೂಕ ತೀರಾ ಕಡಿಮೆ ಇರುವವರಿಗೆ ಮಿತಿ ಇನ್ನೂ ಕಡಿಮೆ ಇರಬಹುದು, ಅದನ್ನೆಲ್ಲ ಬರೆಯಲೇಬೇಕು ಅಂತ ಅವರು. ಹಾಳೆ ತುಂಬಿದರೆ ಯಾರೂ ಓದುವುದಿಲ್ಲ ಅಂತ ನಾನು. ಕೊನೆಗೆ ನರ್ಸ್ ದಾರಿ ತೋರಿಸಿದರು: ಅದನ್ನು ಎಚ್ಚರಿಕೆ ಅಂತ ಬರೆಯುವುದು ಬೇಡ, ಕಲಿಯುವವರು ಕೇಳಬೇಕಾದ ಪ್ರಶ್ನೆ ಮಾಡೋಣ. "ನನ್ನ ದೇಹಕ್ಕೆ ಎಷ್ಟು ಮಾತ್ರೆ ಮಿತಿ, ಡಾಕ್ಟರೇ?" ಒಂದೇ ಸಾಲಿನಲ್ಲಿ ಮುಗಿಯಿತು.

ಪ್ರಶ್ನೆ ಕೇಳುವ ಅಭ್ಯಾಸಕ್ಕೆ ಇಡೀ ಪಾಠಗಳನ್ನೇ ಕೊಟ್ಟೆವು. ನನ್ನ ಮುಖ್ಯ ತೊಂದರೆ ಏನು, ನಾನು ಏನು ಮಾಡಬೇಕು, ಅದನ್ನು ಯಾಕೆ ಮಾಡಬೇಕು, ಈ ಮೂರು ಸಾಕು. ಓದುವುದಕ್ಕಿಂತ ಇದು ಕಷ್ಟ ಆಯ್ತು. ದೊಡ್ಡ ವಯಸ್ಸಿನವರಿಗೆ ಡಾಕ್ಟರನ್ನು ತಿರುಗಿ ಕೇಳುವುದು ಅಂದರೆ ಮರ್ಯಾದೆ ಕೊಡದ ಹಾಗೆ. ಅದಕ್ಕೇ ನಾಟಕ ಆಡಿಸಿದೆವು. ಅವಸರದ ಡಾಕ್ಟರ್ ಪಾತ್ರವನ್ನು ನರ್ಸ್ ಎಷ್ಟು ಚೆನ್ನಾಗಿ ಮಾಡಿದರು ಅಂದರೆ, ನಿಜವಾದ ಡಾಕ್ಟರ್ ಮುಖ ಸ್ವಲ್ಪ ಕೆಂಪಾಯ್ತು.

ಆಮೇಲೆ ಸರದಿ ತಿರುಗಿಸಿದೆವು. ಡಾಕ್ಟರ್ ವಿವರಿಸಬೇಕು, ತರಗತಿ ಮಾರ್ಕ್ಸ್ ಕೊಡಬೇಕು. "ಅರ್ಥ ಆಯ್ತಾ?" ಅಂತ ಕೇಳಿದರೆ ಸೊನ್ನೆ, ಯಾಕೆಂದರೆ ಅದಕ್ಕೆ ಎಲ್ಲರೂ ತಲೆ ಆಡಿಸುತ್ತಾರೆ. "ನಾನು ಸರಿಯಾಗಿ ಹೇಳಿದೆನಾ ಅಂತ ನೋಡಬೇಕಿತ್ತು, ಮನೆಗೆ ಹೋಗಿ ನಿಮ್ಮವರಿಗೆ ಇದನ್ನು ಹೇಗೆ ಹೇಳುತ್ತೀರಿ?" ಅಂತ ಕೇಳಿದರೆ ಪೂರ್ತಿ ಮಾರ್ಕ್ಸ್. ವೈದ್ಯಕೀಯದಲ್ಲಿ ಇದನ್ನು ಟೀಚ್-ಬ್ಯಾಕ್ ಅನ್ನುತ್ತಾರೆ. ನಾವು ಮೇಷ್ಟ್ರುಗಳು ಹೆಸರಿಲ್ಲದೆ ಮೊದಲಿಂದ ಮಾಡುತ್ತಾ ಬಂದದ್ದೇ.

ಹೀಗೆ ಅವರ ಶಾಸ್ತ್ರ ನಮಗೆ, ನಮ್ಮದು ಅವರಿಗೆ ದಾಟುತ್ತಾ ಹೋಯ್ತು. 1963ರಲ್ಲಿ ಬ್ರೆಜಿಲ್‌ನ ಆಂಜಿಕೋಸ್ ಊರಿನಲ್ಲಿ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆ ಸುಮಾರು 40 ಗಂಟೆಗಳ ಪಾಠದಲ್ಲಿ ಕೂಲಿ ಕೆಲಸದವರಿಗೆ ಓದು ಕಲಿಸಿದ್ದು ಅವರ ದಿನದ ಬದುಕಿನ ಪದಗಳಿಂದಲೇ ಅಂತ ನಾನು ಹೇಳಿದೆ. ಡಾಕ್ಟರ್ 2000ದಲ್ಲಿ ಸಾರ್ವಜನಿಕ ಆರೋಗ್ಯದ ಸಂಶೋಧಕ ಡಾನ್ ನಟ್‌ಬೀಮ್ ಬರೆದ ಆರೋಗ್ಯ ಸಾಕ್ಷರತೆಯ ಮೂರು ಹಂತಗಳ ಬಗ್ಗೆ ಹೇಳಿದರು: ಆರೋಗ್ಯದ ಮಾಹಿತಿ ಓದಿ ಬಳಸುವುದು, ಅದರ ಬಗ್ಗೆ ಮಾತಾಡಿ ತನಗೆ ಬೇಕಾದ್ದು ಪಡೆಯುವುದು, ಆಮೇಲೆ ಅದನ್ನು ಪ್ರಶ್ನಿಸಿ ಪರಿಸ್ಥಿತಿ ಬದಲಿಸುವುದು. ಹೆಚ್ಚಿನ ಕಾರ್ಯಕ್ರಮಗಳು ಮೊದಲನೆಯ ಹಂತದಲ್ಲೇ ನಿಂತುಬಿಡುತ್ತವೆ, ಏಕೆಂದರೆ ಅದನ್ನು ಎಣಿಸುವುದು ಸುಲಭ.

ಮೂರನೆಯದು ನಮ್ಮಲ್ಲಿ ತಾನಾಗಿಯೇ ಬಂತು. ಒಂದು ಆಸ್ಪತ್ರೆಯ ಭೇಟಿ ಪತ್ರ ಓದುವಾಗ ಯಾರೋ ಕೇಳಿದರು, ತಾರೀಖು ಯಾಕೆ ಇಷ್ಟು ಕೆಳಗೆ ಅವಿತು ಕೂತಿದೆ? ತರಗತಿಯೇ ಪತ್ರವನ್ನು ಮತ್ತೆ ಬರೆಯಿತು. ಯಾವ ದಿನ, ಎಷ್ಟು ಗಂಟೆ, ಎಲ್ಲಿಗೆ, ಏನು ತರಬೇಕು, ಎಲ್ಲ ಮೇಲೆ ಬಂತು. ನರ್ಸ್ ಅದನ್ನು ಆಸ್ಪತ್ರೆಗೆ ಒಯ್ದರು. ತಾರೀಖು ಮೇಲೆ ಬಂತು. ಕೆಳಗಿನ ಉದ್ದದ ನಿಯಮಗಳು ಹಾಗೇ ಉಳಿದವು.

ಇಂಥದ್ದು ಶುರು ಮಾಡುವವರಿಗೆ ಒಂದು ವಿಷಯ ಒತ್ತಿ ಹೇಳಬೇಕು. ತರಗತಿಯಲ್ಲಿ ಯಾರ ಕಾಯಿಲೆಯ ಚರ್ಚೆಯೂ ಬೇಡ. ಜನ ತಮ್ಮ ರಿಪೋರ್ಟ್ ಎಲ್ಲರ ಮುಂದೆ ಬಿಚ್ಚಿಡುತ್ತಾರೆ, ತಡೆಯಬೇಕು. ನಾವು ಕಲ್ಪಿತ ಹೆಸರಿನ ಚೀಟಿಗಳನ್ನೇ ಬಳಸಿದೆವು. ಸ್ವಂತ ಪ್ರಶ್ನೆ ಇದ್ದವರ ಜೊತೆ ಪಾಠ ಮುಗಿದ ಮೇಲೆ ನರ್ಸ್ ಬೇರೆಯಾಗಿ ಕೂರುತ್ತಿದ್ದರು. ಡಾಕ್ಟರ್ ಕೂಡ ಅಲ್ಲಿ ಮದ್ದು ಬರೆಯುವ ಹಾಗಿರಲಿಲ್ಲ.

ಅಳೆಯುವುದಕ್ಕೆ ಸಿದ್ಧ ಪರೀಕ್ಷೆಗಳಿವೆ. ವೈದ್ಯಕೀಯ ಪದಗಳನ್ನು ಗಟ್ಟಿಯಾಗಿ ಓದಿಸುವಂಥದ್ದು ನನಗೆ ಹಿಡಿಸಲಿಲ್ಲ. ಉಚ್ಚಾರ ಸರಿ ಇದ್ದ ಮಾತ್ರಕ್ಕೆ ಅರ್ಥ ಆಗಿದೆ ಅಂತಲ್ಲ, ಜೊತೆಗೆ ದೊಡ್ಡವರಿಗೆ ಅದು ಅವಮಾನ. ನಾವು ಅದೇ ಗುಂಡಿ, ಅದೇ ನಾಲ್ಕು ಮನೆಗಳನ್ನು ಶುರುವಿನಲ್ಲಿ ಒಮ್ಮೆ, ಪಾಠಗಳು ಮುಗಿದು ಕೆಲವು ತಿಂಗಳಾದ ಮೇಲೆ ಮತ್ತೊಮ್ಮೆ ಕೊಟ್ಟೆವು, ಹೊಸ ಲೇಬಲ್ ಜೊತೆ. ಲೇಬಲ್ ವಿಷಯದಲ್ಲಿ ಹೆಚ್ಚಿನವರು ಗಟ್ಟಿಯಾಗಿದ್ದರು. ರಿಪೋರ್ಟಿನ ಅಂಕಿಗಳು ಮಾತ್ರ ಮರೆತುಹೋಗಿದ್ದವು, ಅದಕ್ಕೆ ಪಾಠ ಬೇರೆ ರೀತಿ ಕಟ್ಟಬೇಕು.

ಈಗ ಆಪರೇಷನ್ನಿಗೆ ಮುಂಚೆ ಸಹಿ ಹಾಕಿಸುವ ಒಪ್ಪಿಗೆ ಪತ್ರ ಹಿಡಿದಿದ್ದೇವೆ. ಅದರಲ್ಲಿ ಯಾವ ಸಾಲನ್ನು ಸರಳ ಮಾಡಬಹುದು, ಯಾವುದನ್ನು ಮುಟ್ಟುವ ಹಾಗಿಲ್ಲ ಅನ್ನುವುದು ನಮ್ಮ ನಾಲ್ವರಿಗೂ ಗೊತ್ತಿಲ್ಲ. ಒಬ್ಬರು ವಕೀಲರನ್ನು ಹುಡುಕುತ್ತಿದ್ದೇವೆ, ತಮ್ಮ ವಾಕ್ಯವನ್ನು ತರಗತಿ ತಿದ್ದಿದರೆ ಬೇಜಾರು ಮಾಡಿಕೊಳ್ಳದವರು ಬೇಕು.