ಕುಕ್ಕರ್ ಕೂಗದ ದಿನ: ಲಿವರ್ ಬಯಾಪ್ಸಿಯಲ್ಲಿ ಎಚ್‌ಎಸ್‌ಪಿ-70

ನಮ್ಮ ಲ್ಯಾಬ್‌ನಲ್ಲಿ ಐದು ಲೀಟರಿನ ಸ್ಟೀಲ್ ಕುಕ್ಕರ್ ಒಂದಿದೆ. ಹೊಸಬರು ನೋಡಿದರೆ ಮಧ್ಯಾಹ್ನದ ಅನ್ನಕ್ಕೆ ಇಟ್ಟಿದ್ದಾರೆ ಅಂದುಕೊಳ್ಳುತ್ತಾರೆ. ಅದರಲ್ಲಿ ಬೇಯುವುದು ಗಾಜಿನ ಸ್ಲೈಡುಗಳು. ಹಾಸನದಲ್ಲಿ ಪೆಥಾಲಜಿಸ್ಟ್ ಆಗಿ ಕೂತ ಮೇಲೆ ಬಹಳ ವರ್ಷ, ಇಮ್ಯುನೊ ಸ್ಟೇನ್ (ಒಂದು ಪ್ರೋಟೀನನ್ನೇ ಹುಡುಕಿ ಅಂಟುವ ಆಂಟಿಬಾಡಿಯಿಂದ ಹಾಕುವ ಬಣ್ಣ) ಬೇಕಾದಾಗಲೆಲ್ಲ ಬ್ಲಾಕ್ ಅನ್ನು, ಅಂದರೆ ಮೇಣದಲ್ಲಿ ಕೂರಿಸಿದ ತುಣುಕನ್ನು, ಬೆಂಗಳೂರಿಗೆ ಕಳಿಸುತ್ತಿದ್ದೆ. ವಾರ, ಹತ್ತು ದಿನ ಕಾಯಬೇಕು. ರೋಗಿಯ ಮನೆಯವರು ದಿನಾ ಫೋನ್ ಮಾಡುತ್ತಿದ್ದರು. ಕೊನೆಗೆ ಇಲ್ಲೇ ಒಂದೊಂದಾಗಿ ಶುರು ಮಾಡಿದೆವು.

ಅರಕಲಗೂಡು ಕಡೆಯ ರೈತರೊಬ್ಬರ ಲಿವರ್ ಬಯಾಪ್ಸಿ ಬಂತು. ಹಳೆಯ ಹೆಪಟೈಟಿಸ್ ಬಿ, ಅದರಿಂದ ಸಿರೋಸಿಸ್, ಅಂದರೆ ಲಿವರಿನ ತುಂಬಾ ಗಾಯದ ಕಲೆ. ಸ್ಕ್ಯಾನಿನಲ್ಲಿ ಎರಡು ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆ ಕಂಡಿತ್ತು. ರಕ್ತದಲ್ಲಿ ಲಿವರ್ ಕ್ಯಾನ್ಸರಿನ ಸುಳಿವು ಕೊಡುವ ಎಎಫ್‌ಪಿ ನಾರ್ಮಲ್. ಹಾಗಂತ ಸುಮ್ನೆ ಕೂರುವ ಹಾಗಿಲ್ಲ, ಚಿಕ್ಕ ಗಡ್ಡೆಗಳಲ್ಲಿ ಎಎಫ್‌ಪಿ ಏರದೇ ಇರುವುದು ಮಾಮೂಲಿ. ಬಂದಿದ್ದು ಶ್ಯಾವಿಗೆ ಎಳೆಯಂಥ ಒಂದು ತುಣುಕು. ಮೈಕ್ರೋಸ್ಕೋಪಿನಲ್ಲಿ ಜೀವಕೋಶಗಳು ಸ್ವಲ್ಪ ಒತ್ತೊತ್ತಾಗಿದ್ದವು, ಅವನ್ನು ಹಿಡಿದಿಡುವ ರೆಟಿಕ್ಯುಲಿನ್ ಎಳೆಗಳ ಬಲೆ (ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಹರಿದಿರುತ್ತದೆ) ಹೆಚ್ಚುಕಮ್ಮಿ ಹಾಗೇ ಇತ್ತು. ಕ್ಯಾನ್ಸರ್ ಅನ್ನೋಣ ಅಂದರೆ ಧೈರ್ಯ ಸಾಲದು, ಅಲ್ಲ ಅನ್ನೋಣ ಅಂದರೆ ಮನಸ್ಸು ಒಪ್ಪದು.

ಇಂಥ ಕಡೆ ಮೂರು ಪ್ರೋಟೀನುಗಳಿಗೆ ಸ್ಟೇನ್ ಒಟ್ಟಿಗೆ ಹಾಕುತ್ತೇವೆ: ಎಚ್‌ಎಸ್‌ಪಿ-70, ಗ್ಲಿಪಿಕಾನ್-3, ಗ್ಲುಟಮಿನ್ ಸಿಂಥಟೇಸ್. ಆರಂಭದ ಲಿವರ್ ಕ್ಯಾನ್ಸರಿನಲ್ಲಿ ಎಚ್‌ಎಸ್‌ಪಿ-70 ಏರಿರುತ್ತದೆ ಅಂತ ಜಪಾನಿನವರು 2003ರಲ್ಲಿ ತೋರಿಸಿದ್ದರು. ಮೂರನ್ನೂ ಸೇರಿಸಿ ನೋಡುವ ಕ್ರಮವನ್ನು 2007ರಲ್ಲಿ ಇಟಲಿಯ ಲೂಕಾ ದಿ ತೊಮ್ಮಾಸೊ ಮತ್ತು ಜೊತೆಯವರು ಪ್ರಕಟಿಸಿದರು. ಮೂರರಲ್ಲಿ ಎರಡು ಪಾಸಿಟಿವ್ ಬಂದರೆ ಕ್ಯಾನ್ಸರ್ ಅನ್ನಲು ಗಟ್ಟಿ ಆಧಾರ. ಎರಡು ಬರಲಿಲ್ಲ ಅಂದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲ ಅಂತಲ್ಲ. ಸೂಜಿಯಲ್ಲಿ ಸಿಕ್ಕ ತುಣುಕು ಅಷ್ಟೇ ಅಲ್ವಾ?

ಎಚ್‌ಎಸ್‌ಪಿ-70 ಹೆಸರಿನ ಕಥೆ ಹೀಗೆ. 1962ರಲ್ಲಿ ರಿಟೋಸ್ಸಾ ಎಂಬ ವಿಜ್ಞಾನಿ, ಬಿಸಿ ತಗುಲಿದ ಹಣ್ಣುನೊಣದ ಕ್ರೋಮೋಸೋಮುಗಳಲ್ಲಿ ಕೆಲವು ಜಾಗ ಉಬ್ಬಿಕೊಳ್ಳುವುದನ್ನು ವರದಿ ಮಾಡಿದ. ಅಲ್ಲಿಂದ ತಯಾರಾಗುವ ಪ್ರೋಟೀನುಗಳಿಗೆ ಆಮೇಲೆ ಹೀಟ್ ಶಾಕ್ ಪ್ರೋಟೀನ್, ಚುಟುಕಾಗಿ ಎಚ್‌ಎಸ್‌ಪಿ, ಅಂತ ಹೆಸರು ಬಂತು. 70 ಅನ್ನುವುದು ಅದರ ತೂಕ, ಕಿಲೋಡಾಲ್ಟನ್ ಲೆಕ್ಕದಲ್ಲಿ. ಪ್ರೋಟೀನು ಸರಿಯಾಗಿ ಮಡಿಕೆ ಬಿದ್ದರೆ ಮಾತ್ರ ಕೆಲಸ ಮಾಡುತ್ತದೆ, ಸೀರೆ ನೆರಿಗೆ ಇದ್ದ ಹಾಗೆ. ನೆರಿಗೆ ಕೆಟ್ಟರೆ ಪಕ್ಕದಲ್ಲಿ ನಿಂತು ಸರಿಮಾಡುವವರು ಈ ಎಚ್‌ಎಸ್‌ಪಿಗಳು. ಬಿಸಿಯಲ್ಲಿ ಮಾತ್ರ ಅಲ್ಲ, ಆಮ್ಲಜನಕ ಸಾಲದಿದ್ದಾಗ, ಜೀವಕೋಶಕ್ಕೆ ಬೇರೆ ಯಾವ ಕಷ್ಟ ಬಂದಾಗಲೂ ಇವು ಜಾಸ್ತಿಯಾಗುತ್ತವೆ. ಕ್ಯಾನ್ಸರ್ ಕೋಶ ಸದಾ ಕಷ್ಟದಲ್ಲೇ ಬದುಕುವಂಥದ್ದು. ಅಡ್ಡಾದಿಡ್ಡಿ ಬೆಳೆಯುತ್ತದೆ, ಕೆಟ್ಟ ಪ್ರೋಟೀನು ತಯಾರಿಸುತ್ತದೆ, ಸಾಯಬೇಕಾದ ಹೊತ್ತಿಗೆ ಎಚ್‌ಎಸ್‌ಪಿ ಹಿಡಿದುಕೊಂಡು ಬಚಾವಾಗುತ್ತದೆ. ಒಳ್ಳೆಯ ಕೆಲಸಗಾರರು ಕಳ್ಳನ ಮನೆಯಲ್ಲಿ ಸೇರಿಕೊಂಡ ಹಾಗೆ.

ಇನ್ನು ಕುಕ್ಕರಿಗೆ ಬರೋಣ. ಫಾರ್ಮಲಿನ್‌ನಲ್ಲಿಟ್ಟ ತುಣುಕಿನಲ್ಲಿ ಪ್ರೋಟೀನುಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಸಿಟ್ರೇಟ್ ಬಫರಿನಲ್ಲಿ ಪ್ರೆಶರ್ ಕೊಟ್ಟು ಬೇಯಿಸಿದರೆ ಬಿಗಿ ಸಡಿಲವಾಗಿ ಆಂಟಿಬಾಡಿ ಹೋಗಿ ಅಂಟುತ್ತದೆ. ಬಫರಿನ ಪಿಎಚ್ 6 ಇರಬೇಕು. ಆಮೇಲೆ ಡಿಎಬಿ ಅನ್ನುವ ರಾಸಾಯನಿಕ ಹಾಕಿದರೆ ಅಂಟಿದ ಕಡೆ ಕಾಫಿ ಡಿಕಾಕ್ಷನ್ ಬಣ್ಣ, ಉಳಿದ ಕಡೆ ಹಿನ್ನೆಲೆಯ ನೀಲಿ. ಬಿಸಿಯ ಹೆಸರಿನ ಪ್ರೋಟೀನನ್ನು ನೋಡಲು ಬೇಯಿಸಲೇಬೇಕು, ತಮಾಷೆ ನೋಡಿ.

ಆ ದಿನ ಎಚ್‌ಎಸ್‌ಪಿ-70 ಸ್ಲೈಡ್ ಪೂರ್ತಿ ನೀಲಿ. ಕಂದು ಒಂದು ಚುಕ್ಕೆ ಇಲ್ಲ. ಆಂಟಿಬಾಡಿ ದುಬಾರಿ ಅಂತ, ಸ್ಟೇನ್ ಸರಿಯಾಗಿದೆಯೋ ತಿಳಿಯಲು ಜೊತೆಗಿಡುವ ಕಂಟ್ರೋಲ್ ಸ್ಲೈಡ್ ಬೇರೆ ಹಾಕಿರಲಿಲ್ಲ. ನನ್ನದೇ ಜಿಪುಣತನ. ನೆಗೆಟಿವ್ ಅಂತ ಬರೆಯಲು ಪೆನ್ನು ತೆಗೆದೆ. ತುಣುಕಿನ ಒಂದು ತುದಿಯಲ್ಲಿ ಗಡ್ಡೆಯ ಹೊರಗಿನ ಲಿವರ್ ಸ್ವಲ್ಪ ಇತ್ತು. ಅಲ್ಲಿ ಪುಟ್ಟ ಪಿತ್ತನಾಳ. ಪಿತ್ತನಾಳದ ಕೋಶಗಳು ಎಚ್‌ಎಸ್‌ಪಿ-70ಕ್ಕೆ ಸಹಜವಾಗಿಯೇ ಬಣ್ಣ ಹಿಡಿಯುತ್ತವೆ. ಅದೂ ನೀಲಿ! ಅಂದರೆ ನೆಗೆಟಿವ್ ಅಲ್ಲ, ಸ್ಟೇನೇ ಆಗಿಲ್ಲ.

ಟೆಕ್ನಿಷಿಯನ್ ಹುಡುಗಿಯನ್ನು ಕರೆದು ಕೇಳಿದೆ. “ಕುಕ್ಕರ್ ಕೂಗಲೇ ಇಲ್ಲ ಸಾರ್, ಟೈಮ್ ನೋಡಿ ಇಳಿಸಿದೆ” ಅಂದಳು. ಗ್ಯಾಸ್ಕೆಟ್ ಸಡಿಲವಾಗಿ ಆವಿ ಪಕ್ಕದಿಂದ ಹೋಗಿತ್ತು. ಐದು ನಿಮಿಷದ ದಾರಿಯ ಪಾತ್ರೆ ಅಂಗಡಿಯಿಂದ ಹೊಸ ಗ್ಯಾಸ್ಕೆಟ್ ತರಿಸಿದೆ. ಮರುದಿನ ಮತ್ತೆ ಬೇಯಿಸಿದೆವು. ಪಿತ್ತನಾಳ ಕಂದು. ಗಡ್ಡೆಯ ಕೋಶಗಳ ನ್ಯೂಕ್ಲಿಯಸ್ಸೂ ಸುತ್ತಲ ಸೈಟೋಪ್ಲಾಸಮೂ ಕಂದು. ಗ್ಲುಟಮಿನ್ ಸಿಂಥಟೇಸ್ ಗಡ್ಡೆಯ ತುಂಬಾ ಗಾಢವಾಗಿ ಹಿಡಿದಿತ್ತು. ಗ್ಲಿಪಿಕಾನ್ ಬರಲಿಲ್ಲ. ಮೂರರಲ್ಲಿ ಎರಡು. ಕ್ಯಾನ್ಸರ್ ಅಂತ ಬರೆದೆ.

ಎರಡು ದಿನ ಬಿಟ್ಟು ಅವರ ಮಗ ರಿಪೋರ್ಟ್ ಹಿಡಿದುಕೊಂಡು ಬಂದ. “ಡಾಕ್ಟ್ರೇ, ಇಲ್ಲಿ ಹೀಟ್ ಅಂತ ಬರೆದಿದೀರಲ್ಲ. ಅಪ್ಪಂಗೆ ಉಷ್ಣ ಜಾಸ್ತಿಯಾಗಿ ಹಿಂಗಾಯ್ತಾ? ಎಳನೀರು, ಮಜ್ಜಿಗೆ ಕೊಡ್ತಾನೇ ಇದೀವಿ.” ನನಗೆ ನಗು ಬರಲಿಲ್ಲ. ಉಷ್ಣಕ್ಕೂ ಇದಕ್ಕೂ ಸಂಬಂಧ ಇಲ್ಲಪ್ಪ, ಕಾರಣ ಹೆಪಟೈಟಿಸ್ ಬಿ, ನೀನೂ ಮನೆಯವರೂ ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ, ಸೋಂಕು ಇಲ್ಲದವರು ಲಸಿಕೆ ಹಾಕಿಸಿಕೊಳ್ಳಿ ಅಂದೆ. ಈ ಪ್ರೋಟೀನನ್ನು ಇಳಿಸುವ ಮಾತ್ರೆ ಇದೆಯಾ ಅಂತಲೂ ಕೇಳಿದ. ಇದೇ ಎಚ್‌ಎಸ್‌ಪಿ ಬಳಗದ ಎಚ್‌ಎಸ್‌ಪಿ-90 ತಡೆಯುವ ಒಂದು ಮಾತ್ರೆಗೆ ಜಪಾನಿನಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿದೆ, ಆದರೆ ಅದು ಜೀರ್ಣಾಂಗದ ಬೇರೆ ಜಾತಿಯ ಗಡ್ಡೆಗೆ, ಲಿವರಿಗಲ್ಲ. ಗಡ್ಡೆ ಚಿಕ್ಕದಿದೆ, ತಡ ಮಾಡದೆ ಲಿವರ್ ಡಾಕ್ಟರ ಹತ್ತಿರ ಹೋಗಿ ಅಂತ ಕಳಿಸಿದೆ.

ಆಮೇಲಿಂದ ರಿಪೋರ್ಟಿನಲ್ಲಿ ಬರೀ ಎಚ್‌ಎಸ್‌ಪಿ-70 ಅಂತ ಬರೆಯುತ್ತೇನೆ. ಪಿತ್ತನಾಳ ಬಣ್ಣ ಹಿಡಿದಿದೆಯೋ ಇಲ್ಲವೋ ಅನ್ನುವುದನ್ನು ಮೊದಲ ಸಾಲಿನಲ್ಲೇ ಹಾಕುತ್ತೇನೆ. ಕುಕ್ಕರಿನ ಪಕ್ಕ ಒಂದು ಸ್ಪೇರ್ ಗ್ಯಾಸ್ಕೆಟ್ ನೇತಾಡುತ್ತಿರುತ್ತದೆ.