ನೋಡುವಾಗ ನನಗೇನಾಯಿತು: ಪ್ರಯೋಗಾತ್ಮಕ ಕಿರುಚಿತ್ರಗಳ ಬಗ್ಗೆ ನಾನು ಬರೆಯುವ ಬಗೆ

ಪ್ರಯೋಗಾತ್ಮಕ ಕಿರುಚಿತ್ರ ಮುಗಿದ ಕೂಡಲೇ ನಾನು ಬರೆದುಕೊಳ್ಳುವುದು ಅದರ ಅರ್ಥವನ್ನಲ್ಲ. ಎಲ್ಲಿ ಕಣ್ಣು ದಣಿಯಿತು, ಎಲ್ಲಿ ಗಡಿಯಾರದ ಕಡೆ ನೋಟ ಹೋಯಿತು, ಯಾವ ಸದ್ದಿಗೆ ಬೆಚ್ಚಿದೆ, ಇಷ್ಟೇ. ಚಿತ್ರದ ಬಗ್ಗೆ ಬೇರೆಯವರು ಬರೆದದ್ದನ್ನು ಆಮೇಲೆ ಓದುತ್ತೇನೆ. ಮೊದಲೇ ಓದಿದರೆ ಅವರು ಕಂಡದ್ದನ್ನೇ ನಾನೂ ಹುಡುಕುತ್ತಾ ಕೂರುತ್ತೇನೆ.

ಕಷ್ಟದ ಕೆಲಸ ಶುರುವಾಗುವುದು ಆಮೇಲೆ. ‘ಬೇಸರವಾಯಿತು’, ‘ಮನಸ್ಸಿಗೆ ತಟ್ಟಿತು’ ಎಂದಷ್ಟೇ ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. ಆ ಬೇಸರವನ್ನು ಹುಟ್ಟಿಸಿದ್ದು ಚಿತ್ರದ ಯಾವ ಭಾಗ, ಅದನ್ನು ಕಟ್ಟಿದ್ದು ಹೇಗೆ ಎಂದು ಹುಡುಕಬೇಕು. ಮೈಕಲ್ ಸ್ನೋ ಅವರ ‘ವೇವ್‌ಲೆಂತ್’ (1967) 45 ನಿಮಿಷದ ಚಿತ್ರ. ದೊಡ್ಡ ಕೋಣೆಯೊಂದರ ಈ ತುದಿಯಿಂದ ಜೂಮ್ ನಿಧಾನವಾಗಿ ಎದುರು ಗೋಡೆಯತ್ತ ಸಾಗುತ್ತದೆ, ಕೊನೆಗೆ ಅಲ್ಲಿರುವ ಅಲೆಗಳ ಫೋಟೋ ಪರದೆಯನ್ನು ತುಂಬುತ್ತದೆ. ಜೊತೆಗೇ ಒಂದೇ ಸ್ವರ ಸೆಕೆಂಡಿಗೆ 50 ಕಂಪನಗಳಿಂದ 12,000ಕ್ಕೆ ಏರುತ್ತಾ ಹೋಗುತ್ತದೆ. ನಡುವೆ ಒಬ್ಬ ಒಳಗೆ ಬಂದು ನೆಲಕ್ಕೆ ಕುಸಿಯುತ್ತಾನೆ. ಅವನಿಗೇನಾಯಿತು ಎಂದು ನನಗೆ ತಿಳಿಯಬೇಕಿತ್ತು. ಜೂಮ್ ಅವನನ್ನು ಚೌಕಟ್ಟಿನ ಕೆಳಗೆ ಬಿಟ್ಟು ಮುಂದೆ ಹೋಯಿತು. ನನಗೆ ಬಂದದ್ದು ಬೇಸರವಲ್ಲ, ಸಿಟ್ಟು. ಕಥೆ ಸಿಗುತ್ತದೆ ಎಂಬ ಆಸೆ ಹುಟ್ಟಿಸಿ, ಅದರತ್ತ ತಿರುಗಿಯೂ ನೋಡದ ಚಲನೆ ಅದು. ಈ ಕಾರಣ ಕೈಗೆ ಸಿಕ್ಕಿದ ಮೇಲೆಯೇ ಆ ಚಿತ್ರದ ಬಗ್ಗೆ ಬರೆಯಲು ನನಗೆ ಸಾಧ್ಯವಾಯಿತು.

ಹಾಗೆ ಕುಸಿಯುವವರು ಹಾಲಿಸ್ ಫ್ರಾಂಪ್ಟನ್, ಅವರೂ ಚಿತ್ರ ನಿರ್ದೇಶಕರೇ. ಅವರ ‘ನಾಸ್ಟಾಲ್ಜಿಯಾ’ (1971) ಬಗ್ಗೆ ನಾನು ಎಲ್ಲಕ್ಕಿಂತ ಹೆಚ್ಚು ಟಿಪ್ಪಣಿ ಬರೆದುಕೊಂಡಿದ್ದೇನೆ. ಕಾದ ವಿದ್ಯುತ್ ಒಲೆಯ ಮೇಲೆ ಒಂದೊಂದೇ ಫೋಟೋ ಸುಟ್ಟು ಬೂದಿಯಾಗುತ್ತದೆ, ದನಿಯೊಂದು ಫೋಟೋದ ಕಥೆ ಹೇಳುತ್ತದೆ. (ದನಿ ಮೈಕಲ್ ಸ್ನೋ ಅವರದು, ‘ನಾನು’ ಎಂದು ಹೇಳಿದರೂ ಅದು ಫ್ರಾಂಪ್ಟನ್ ಅವರ ಬದುಕು.) ಮಾತು ಚಿತ್ರಕ್ಕೆ ಹೊಂದುತ್ತಿಲ್ಲ ಎಂಬ ಕಸಿವಿಸಿ ಮೊದಲು ಶುರುವಾಯಿತು. ಆಮೇಲೆ ಗೊತ್ತಾಯಿತು, ಹೇಳುತ್ತಿರುವುದು ಇನ್ನೂ ಬಾರದ ಮುಂದಿನ ಫೋಟೋದ ಬಗ್ಗೆ. ಅಲ್ಲಿಂದ ತಲೆಗೆ ಎರಡೆರಡು ಕೆಲಸ. ಈಗ ಕೇಳಿದ್ದನ್ನು ಮುಂದಿನದಕ್ಕೆ ಕೂಡಿಟ್ಟುಕೊಳ್ಳಬೇಕು, ಆಗಲೇ ಕೇಳಿದ್ದನ್ನು ಎದುರಿಗೆ ಉರಿಯುತ್ತಿರುವುದಕ್ಕೆ ಜೋಡಿಸಬೇಕು, ಅದೂ ಅದು ಬೂದಿಯಾಗುವ ಮೊದಲು. ಫೋಟೋ ಬರುವಷ್ಟರಲ್ಲಿ ಅರ್ಧ ವಿವರ ಜಾರಿಹೋಗಿರುತ್ತಿತ್ತು. ನೆನಪು ಕೈಬಿಡುವುದನ್ನು ಈ ಚಿತ್ರ ಬಾಯಲ್ಲಿ ಹೇಳುವುದಿಲ್ಲ, ನನ್ನ ತಲೆಯೊಳಗೇ ಮಾಡಿ ತೋರಿಸುತ್ತದೆ. ಕೊನೆಯಲ್ಲಿ ವರ್ಣನೆ ಕೇಳಿದ ಫೋಟೋ ಬರುವುದೇ ಇಲ್ಲ. ಆ ಕ್ಷಣಕ್ಕೆ ನನಗಾದದ್ದು ಹೆದರಿಕೆ. ಎರಡನೇ ಸಲ ನೋಡುವಾಗ ಅದು ಬರುವುದಿಲ್ಲ ಎಂದು ಗೊತ್ತಿತ್ತು, ಆದರೂ ಹೆದರಿಕೆ ಕಡಿಮೆಯಾಗಲಿಲ್ಲ. ಇದರ ಕಾರಣ ನನಗೆ ಇನ್ನೂ ಪೂರ್ತಿ ಸಿಕ್ಕಿಲ್ಲ, ಬರಹದಲ್ಲಿ ಹಾಗೆಂದೇ ಬರೆದಿದ್ದೇನೆ.

ಎರಡನೇ ನೋಟದ ಟಿಪ್ಪಣಿಯನ್ನು ಯಾವಾಗಲೂ ಬೇರೆ ಹಾಳೆಯಲ್ಲಿ ಬರೆಯುತ್ತೇನೆ. ಮೊದಲನೆಯದನ್ನು ತಿದ್ದುವುದಿಲ್ಲ.

ಮೂಕಚಿತ್ರವಾದರೆ ಮೂಕವಾಗಿಯೇ ನೋಡುತ್ತೇನೆ, ಹಿನ್ನೆಲೆಗೆ ಹಾಡು ಹಾಕಿಕೊಳ್ಳುವುದಿಲ್ಲ. ಸ್ಟ್ಯಾನ್ ಬ್ರಾಕೇಜ್ ಅವರ ‘ಮಾತ್‌ಲೈಟ್’ (1963) ಕ್ಯಾಮೆರಾ ಇಲ್ಲದೆ ಮಾಡಿದ ಸುಮಾರು 4 ನಿಮಿಷದ ಚಿತ್ರ. ಪತಂಗದ ರೆಕ್ಕೆ, ಹೂವಿನ ದಳ, ಹುಲ್ಲು, ಇವನ್ನೆಲ್ಲ ಪಾರದರ್ಶಕ ಟೇಪಿನ ನಡುವೆ ಅಂಟಿಸಿ ಮಾಡಿದ್ದು. ಸದ್ದಿಲ್ಲದಿದ್ದರೂ ಕಿವಿಯ ಹತ್ತಿರವೇ ರೆಕ್ಕೆ ಬಡಿದಂತೆ ನನಗೆ ಕೇಳಿಸಿತು. ಹಾಡು ಹಾಕಿದ್ದರೆ ಅದು ಕೇಳಿಸುತ್ತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಮೊದಲೇ ವಿಚಾರಿಸಿಕೊಳ್ಳುತ್ತೇನೆ. ಟೋನಿ ಕಾನ್ರಾಡ್ ಅವರ ‘ದ ಫ್ಲಿಕರ್’ (1966) ಹೆಚ್ಚುಕಡಿಮೆ ಪೂರ್ತಿಯಾಗಿ ಕಪ್ಪು ಮತ್ತು ಬಿಳಿ ಫ್ರೇಮುಗಳ ಮಿನುಗು. ಇಂಥ ಬೆಳಕಿನಿಂದ ಕೆಲವರಿಗೆ ಅಪಸ್ಮಾರ ಬರಬಹುದು, ಚಿತ್ರದ ಆರಂಭದಲ್ಲೇ ಎಚ್ಚರಿಕೆ ಇದೆ. ಇಂಥವುಗಳ ಬಗ್ಗೆ ಬರೆಯುವಾಗ ನನ್ನ ಮೊದಲ ಸಾಲೂ ಎಚ್ಚರಿಕೆಯದೇ.

ವಿಡಿಯೋ ಕಲೆಗೆ ಬಂದರೆ ಪರದೆಯೂ ಕೃತಿಯ ಭಾಗವಾಗಿಬಿಡುತ್ತದೆ. ಜೋನ್ ಜೋನಾಸ್ ಅವರ ‘ವರ್ಟಿಕಲ್ ರೋಲ್’ (1972) ಸುಮಾರು 20 ನಿಮಿಷದ್ದು. ಹಳೆಯ ಟಿವಿಯಲ್ಲಿ ಹೊಂದಾಣಿಕೆ ತಪ್ಪಿದಾಗ ಆಗುತ್ತಿದ್ದಂತೆ ಜೋನಾಸ್ ಅವರದೇ ಚಿತ್ರ ಮೇಲೆ ಕೆಳಗೆ ಉರುಳುತ್ತಲೇ ಇರುತ್ತದೆ, ಬಡಿತದ ಸದ್ದು ನಿಲ್ಲುವುದೇ ಇಲ್ಲ. ಚಿತ್ರ ಒಂದು ಕಡೆ ನಿಂತರೆ ಸಾಕು ಎಂದು ಕಣ್ಣು ಹಂಬಲಿಸುತ್ತಿತ್ತು. ಕೊನೆಯಲ್ಲಿ ಅವರ ಮುಖ ಆ ಉರುಳುವ ಪರದೆಯ ಮುಂದೆಯೇ ಬಂದಾಗ ಮುಖ ಮಾತ್ರ ಸ್ಥಿರವಾಗಿತ್ತು. ನಾನು ಅಷ್ಟು ಹೊತ್ತು ನೋಡಿದ್ದು ಒಬ್ಬ ಹೆಂಗಸನ್ನಲ್ಲ, ಟಿವಿಯ ಮೇಲಿನ ಅವಳ ಚಿತ್ರವನ್ನು ಎಂದು ಆಗ ಮೈಗೆ ತಾಗಿತು.

ಗ್ಯಾಲರಿಗಳಲ್ಲಿ ವಿಡಿಯೋ ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಹೆಚ್ಚಿನ ಸಲ ನಾವು ಹೋಗುವುದು ನಡುವಿನಲ್ಲಿ. ಒಳಗೆ ಕಾಲಿಟ್ಟಾಗ ಕಂಡ ಮೊದಲ ದೃಶ್ಯವನ್ನು ಗುರುತು ಮಾಡಿಕೊಂಡು, ಅದು ಮತ್ತೆ ಬರುವವರೆಗೆ ಇರುತ್ತೇನೆ. ಹಲವು ಪರದೆಗಳಿದ್ದರೆ ಎಲ್ಲವನ್ನೂ ಒಮ್ಮೆಗೇ ನೋಡಲಾಗದು. ಯಾವುದಕ್ಕೆ ಬೆನ್ನು ಹಾಕಿ ನಿಂತಿದ್ದೆ, ಪಕ್ಕದ ಕೋಣೆಯ ಸದ್ದು ಎಷ್ಟು ನುಗ್ಗುತ್ತಿತ್ತು, ಕೂರಲು ಜಾಗವಿತ್ತೇ, ಇವೆಲ್ಲ ಟಿಪ್ಪಣಿಗೆ ಸೇರುತ್ತವೆ. ನಿಂತು ನೋಡಿದ ಕೃತಿಯನ್ನು ಕೂತು ನೋಡಿದವರು ಬೇರೆಯೇ ಥರ ಬರೆದರೆ, ಇಬ್ಬರ ಬರಹವನ್ನೂ ಜೊತೆಗಿಟ್ಟು ಓದುವುದು ನನಗಿಷ್ಟ.