5.31ಇ+12: ನಮ್ಮ ವಾಷರ್ ಡಬ್ಬಗಳು ನಿಂತುಹೋದ ಕಥೆ

ತುಮಕೂರಿನ ವಸಂತನರಸಾಪುರದಲ್ಲಿ ನಮ್ಮದು ಚಿಕ್ಕ ಕಾರ್ಖಾನೆ. ನಟ್ಟು, ವಾಷರ್ ಮಾಡುತ್ತೇವೆ. ಡಿಸ್ಪ್ಯಾಚ್ ನನ್ನ ಕೆಲಸ. ನಮ್ಮ ಗಿರಾಕಿಯೊಬ್ಬರು ಅಮೆರಿಕದ ಸೇನೆಗೆ ಬಿಡಿಭಾಗ ಕೊಡುವವರು. ಒಂದು ದಿನ ಅವರಿಂದ ಮೇಲ್ ಬಂತು. ಇನ್ನು ಪಿಡಿಎಫ್ ಪ್ಯಾಕಿಂಗ್ ಲಿಸ್ಟ್ ಬೇಡ, ಇಡಿಐನಲ್ಲಿ (ಕಂಪನಿಗಳ ಕಂಪ್ಯೂಟರ್‌ಗಳು ಗೊತ್ತಾದ ನಮೂನೆಯಲ್ಲಿ ನೇರವಾಗಿ ದಾಖಲೆ ಕಳಿಸಿಕೊಳ್ಳುವ ಪದ್ಧತಿ) 856 ಕಳಿಸಿ ಅಂತ.

856 ಅಂದರೆ ಮಾಲು ಹೊರಟಿದೆ ಅಂತ ಮೊದಲೇ ತಿಳಿಸುವ ಫೈಲ್. ಎಕ್ಸ್12 ಎಂಬ ಅಮೆರಿಕದ ಇಡಿಐ ನಮೂನೆಯದು. ಲೋಡಿನೊಳಗೆ ಆರ್ಡರ್, ಆರ್ಡರಿನೊಳಗೆ ಡಬ್ಬ, ಡಬ್ಬದೊಳಗೆ ಐಟಂ, ಹೀಗೆ ಒಂದರೊಳಗೊಂದು ಇರಬೇಕು. ಗಿರಾಕಿಯ ಹತ್ತಿರ ಡಬ್ಬದ ಬಾರ್‌ಕೋಡ್ ಸ್ಕ್ಯಾನ್ ಮಾಡಿದಾಗ ಫೈಲಿಗೂ ಲೇಬಲ್ಲಿಗೂ ತಾಳೆಯಾಗಬೇಕು. ಸಾಫ್ಟ್‌ವೇರ್ ನಾವು ಕೊಳ್ಳಲಿಲ್ಲ. ನಮ್ಮ ಪಟ್ಟಿಯನ್ನು 856 ಮಾಡಿ ಕಳಿಸುವ ಒಬ್ಬರನ್ನು ತಿಂಗಳ ಬಾಡಿಗೆಗೆ ಹಿಡಿದೆವು.

ಮೊದಲ ಫೈಲ್ ಕಳಿಸಿದೆ. 997 ಬಂತು, ಅಂದರೆ ಫೈಲ್ ಸ್ವೀಕರಿಸಿದ್ದೇವೆ ಅನ್ನುವ ಇಡಿಐ ಉತ್ತರ. ಎಲ್ಲರಿಗೂ ಟೀ ತರಿಸಿದೆ. ಆದರೆ ಮಾಲು ಅಲ್ಲಿಗೆ ಮುಟ್ಟಿದ ಮೇಲೆ ಡಬ್ಬಗಳನ್ನು ಪಕ್ಕಕ್ಕೆ ಇಟ್ಟುಬಿಟ್ಟರು. ಅಂಥ ಐಟಂ ನಮ್ಮಲ್ಲಿ ಇಲ್ಲ ಅಂದರು.

ಸೇನೆ ಪ್ರತಿ ಐಟಂಗೂ ಕೊಡುವ ಸ್ಟಾಕ್ ನಂಬರಿನಲ್ಲಿ 13 ಅಂಕಿ ಇರುತ್ತದೆ. ಮೊದಲ ನಾಲ್ಕು ವಸ್ತುವಿನ ವರ್ಗ. 5310 ಅಂದರೆ ನಟ್ಟು, ವಾಷರ್. ನಾನು ನಂಬರನ್ನು ಎಕ್ಸೆಲ್‌ನಲ್ಲಿ ಟೈಪ್ ಮಾಡಿದ್ದೆ. ಅದು ಉದ್ದದ ಅಂಕಿಯನ್ನು 5.31ಇ+12 ಅಂತ ಮುದುರಿತ್ತು. ಅದರಿಂದ ತೆಗೆದ ಸಿಎಸ್‌ವಿಯಲ್ಲೂ (ಬರೀ ಅಕ್ಷರಗಳ ಪಟ್ಟಿ ಫೈಲ್) ಹಾಗೇ ಹೋಗಿತ್ತು, ಉಳಿದ ಅಂಕಿಗಳೇ ಇರಲಿಲ್ಲ. 997 ನೋಡುವುದು ಫೈಲಿನ ರಚನೆಯನ್ನು ಮಾತ್ರ. ಒಳಗಿನ ನಂಬರ್ ನಿಜವೋ ಸುಳ್ಳೋ ಅದಕ್ಕೆ ಗೊತ್ತಾಗಲ್ಲ. ಹೊಸಬರು ಇದನ್ನು ಮರೆಯಬೇಡಿ.

ಪ್ಯಾಕಿಂಗ್‌ನಲ್ಲಿರುವ ಅಕ್ಕನ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. "ಸಾರ್, ಲೇಬಲ್ ಅಂಟಿಸೋದು ನಾನು. ನೀವು ಮೇಲೆ ಕೂತು ಮತ್ತೆ ಯಾಕೆ ಟೈಪ್ ಮಾಡ್ತೀರಿ?" ಅಂದರು. ನ್ಯಾಯವಾದ ಮಾತು, ಅಲ್ವಾ? ಪ್ಯಾಕಿಂಗ್ ಟೇಬಲ್ಲಿಗೇ ಸ್ಕ್ಯಾನರ್ ತಂದಿಟ್ಟೆವು. ಅಕ್ಕ ಡಬ್ಬ ಮುಚ್ಚಿ ಸ್ಕ್ಯಾನ್ ಮಾಡಿದರೆ ಅದೇ 856ಕ್ಕೆ ಹೋಗುತ್ತದೆ. ಕೊನೆಯ ಡಬ್ಬ ಅರ್ಧ ಇದ್ದರೆ ಎಣಿಕೆಯನ್ನು ಅವರೇ ಹಾಕುತ್ತಾರೆ. ಎಕ್ಸೆಲ್‌ನಲ್ಲಿ ಸ್ಟಾಕ್ ನಂಬರಿನ ಕಾಲಂ ಈಗ ಟೆಕ್ಸ್ಟ್, ಹಾಗಾಗಿ ಅಂಕಿ ಮುದುರಲ್ಲ.

ಇಡಿಐ ಪದ್ಧತಿಯ ಬೇರು ಸೇನೆಯಲ್ಲೇ ಇದೆ. 1948ರಲ್ಲಿ ಬರ್ಲಿನ್‌ಗೆ ವಿಮಾನದಲ್ಲಿ ಸಾಮಾನು ಸಾಗಿಸುವಾಗ ಎಡ್ವರ್ಡ್ ಗಿಲ್ಬರ್ಟ್ ಎಂಬ ಸಾರ್ಜೆಂಟ್ ಸರಕಿನ ಪಟ್ಟಿಯನ್ನು ಟೆಲೆಕ್ಸ್‌ನಲ್ಲೂ ಫೋನಿನಲ್ಲೂ ಕಳಿಸಲು ಬರುವ ಒಂದೇ ನಮೂನೆಗೆ ತಂದರು. ಅದನ್ನು ಓದಿದ ಮೇಲೆ ಅವರ ಮೇಲೆ ಗೌರವ ಜಾಸ್ತಿಯಾಯಿತು.

ಈಗ ಚೆನ್ನೈ ಬಂದರಿಗೆ ಲಾರಿ ಹೊರಡುವ ಮೊದಲು 856ರ ತೂಕವನ್ನು ಶಿಪ್ಪಿಂಗ್ ಬಿಲ್ಲಿನ (ರಫ್ತಿಗೆ ಕಸ್ಟಮ್ಸ್‌ಗೆ ಕೊಡುವ ದಾಖಲೆ) ಜೊತೆ ತಾಳೆ ಹಾಕಿ ನೋಡುತ್ತೇನೆ. ಮುಂದಿನದು 810, ಅಂದರೆ ಇನ್‌ವಾಯ್ಸ್. ಅದೂ ಅಕ್ಕನ ಸ್ಕ್ಯಾನ್‌ನಿಂದಲೇ ಹೊರಡಬೇಕು ಅಂತ ಹಟ ಹಿಡಿದಿದ್ದೇನೆ.